ಮೂರು ಕೌಂಟರ್, ಒಂದು ಸಾಲು: ಸಿಮ್ಯುಲೇಷನ್ ತಪ್ಪು ಲೆಕ್ಕ ಕೊಟ್ಟಾಗ ದೋಷ ಹುಡುಕುವ ಬಗೆ

ಸರದಿ ಸಾಲಿನ ಸಿಮ್ಯುಲೇಷನ್, ಅಂದರೆ ಸಾಲು ನಡೆಯುವ ಬಗೆಯನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಪ್ರೋಗ್ರಾಂ, ಅರ್ಧದಲ್ಲಿ ನಿಂತುಹೋದರೆ ಚಿಂತೆಯಿಲ್ಲ. ಪ್ರೋಗ್ರಾಂನ ಯಾವ ಸಾಲಿನಲ್ಲಿ ಎಡವಿತು ಎಂದು ಕಂಪ್ಯೂಟರೇ ಹೇಳುತ್ತದೆ. ಕೊನೆಯವರೆಗೂ ಸಲೀಸಾಗಿ ಓಡಿ, "ಸರಾಸರಿ ಕಾಯುವ ಸಮಯ 6.7 ನಿಮಿಷ, ಕೌಂಟರ್ ಬಳಕೆ ಶೇ 80" ಎಂದು ಒಪ್ಪುವಂಥ ಉತ್ತರ ಕೊಟ್ಟಾಗಲೇ ಅಪಾಯ. ಉತ್ತರ ತಪ್ಪಾಗಿದ್ದರೂ ಯಾರಿಗೂ ಅನುಮಾನ ಬರುವುದಿಲ್ಲ. ಅದನ್ನು ನಂಬಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಎಷ್ಟು ಚೀಟಿ ಕೌಂಟರ್ ಇರಬೇಕೆಂದು ತೀರ್ಮಾನಿಸಿದರೆ, ತಪ್ಪಿನ ಬೆಲೆ ತೆರುವವರು ಮಗುವನ್ನು ಎತ್ತಿಕೊಂಡು ಸಾಲಿನಲ್ಲಿ ನಿಂತವರು. ಹಾಗಾಗಿ ಈ ಕೆಲಸದಲ್ಲಿ ಅಂದಾಜು ಸಾಲದು.

ಸಮಾಧಾನದ ಸಂಗತಿಯೆಂದರೆ, ಇಂಥ ಪ್ರೋಗ್ರಾಂಗಳಲ್ಲಿ ಜನ ಮಾಡುವ ತಪ್ಪುಗಳು ಬಹುಪಾಲು ಅವೇ. ಉತ್ತರ ಮೊದಲೇ ಗೊತ್ತಿರುವ ಲೆಕ್ಕವೊಂದರ ಮೇಲೆ ಓಡಿಸಿದರೆ ಒಂದೊಂದು ತಪ್ಪೂ ತನ್ನದೇ ಒಂದು ಸಂಖ್ಯೆಯನ್ನು ಬಿಟ್ಟುಹೋಗುತ್ತದೆ. ಆ ಸಂಖ್ಯೆಯನ್ನು ಓದಲು ಬಂದರೆ, ಪ್ರೋಗ್ರಾಂನ ಪ್ರತಿ ಸಾಲನ್ನೂ ತಡಕಾಡುವ ಕೆಲಸ ತಪ್ಪುತ್ತದೆ.

ಪರೀಕ್ಷೆಯ ಲೆಕ್ಕ

ನಿಮ್ಮ ನಿಜವಾದ ಅಂಕಿಗಳನ್ನು ಸದ್ಯಕ್ಕೆ ಬದಿಗಿಡಿ. ಪ್ರೋಗ್ರಾಂಗೆ ಇಷ್ಟು ಕೊಡಿ: ಒಂದೇ ಸಾಲು, ಮೂರು ಕೌಂಟರ್, ಸಾಲಿನಲ್ಲಿ ಮೊದಲು ನಿಂತವರಿಗೆ ಮೊದಲ ಸೇವೆ. ಇಬ್ಬರು ಗ್ರಾಹಕರ ಆಗಮನದ ನಡುವಿನ ಅಂತರ ಸರಾಸರಿ 100 ಸೆಕೆಂಡ್, ಅಂದರೆ ಗಂಟೆಗೆ 36 ಜನ. ಒಬ್ಬರ ಕೆಲಸಕ್ಕೆ ಸರಾಸರಿ 4 ನಿಮಿಷ. ಎರಡೂ ಘಾತೀಯ (ಎಕ್ಸ್‌ಪೊನೆನ್ಷಿಯಲ್) ವಿತರಣೆಯಲ್ಲಿರಲಿ, ಅಂದರೆ ಚಿಕ್ಕ ಬೆಲೆಗಳು ಹೆಚ್ಚು, ದೊಡ್ಡವು ಅಪರೂಪ. ಯಾರೂ ಬೇಸತ್ತು ಹೊರಟುಹೋಗುವುದಿಲ್ಲ, ಊಟದ ಬಿಡುವಿಲ್ಲ, ಬಾಗಿಲು ಮುಚ್ಚುವುದಿಲ್ಲ.

ಇದರ ಉತ್ತರಕ್ಕೆ ಕಂಪ್ಯೂಟರೇ ಬೇಡ. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಡೆನ್ಮಾರ್ಕಿನ ಗಣಿತಜ್ಞ ಅಗ್ನರ್ ಕ್ರಾರುಪ್ ಎರ್ಲಾಂಗ್ 1917ರಲ್ಲೇ ಇದಕ್ಕೆ ಸೂತ್ರ ಕೊಟ್ಟಿದ್ದಾರೆ. ಕಾಗದದ ಮೇಲೆ ಮಾಡಿ ನೋಡಿ. 240 ಸೆಕೆಂಡ್ ಸೇವೆಯನ್ನು 100 ಸೆಕೆಂಡ್ ಅಂತರದಿಂದ ಭಾಗಿಸಿದರೆ 2.4. ಇದು ವ್ಯವಸ್ಥೆಯ ಮೇಲಿನ ಹೊರೆ, ಇದರ ಮಾನಕ್ಕೆ ಎರ್ಲಾಂಗ್ ಹೆಸರೇ ಇದೆ. ಮೂರು ಕೌಂಟರ್‌ಗಳಿಗೆ ಹಂಚಿದರೆ ಬಳಕೆ 0.8. ಈಗ 1, 2.4, ಮತ್ತು 2.4ರ ವರ್ಗದ ಅರ್ಧವಾದ 2.88 ಕೂಡಿಸಿ: 6.28. 2.4ರ ಘನವನ್ನು 6ರಿಂದ ಭಾಗಿಸಿದರೆ 2.304, ಅದನ್ನು 0.2ರಿಂದ, ಅಂದರೆ 1ರಲ್ಲಿ 0.8 ಕಳೆದು ಉಳಿದದ್ದರಿಂದ, ಭಾಗಿಸಿದರೆ 11.52. ಬಂದವರು ಕಾಯಬೇಕಾಗುವ ಸಂಭವನೀಯತೆ 11.52 ಭಾಗಿಸು 17.8, ಅಂದರೆ 0.647. ಇದನ್ನು 240 ಸೆಕೆಂಡ್‌ಗೆ ಗುಣಿಸಿ, 3ರಲ್ಲಿ 2.4 ಕಳೆದ 0.6ರಿಂದ ಭಾಗಿಸಿದರೆ ಸರಾಸರಿ ಕಾಯುವ ಸಮಯ ಸಿಗುತ್ತದೆ: ಸುಮಾರು 259 ಸೆಕೆಂಡ್, ಅಂದರೆ 4.31 ನಿಮಿಷ. ಸಾಲಿನ ಸರಾಸರಿ ಉದ್ದ 2.59 ಜನ.

0.8, 0.647, 4.31, 2.59. ಈ ನಾಲ್ಕನ್ನು ಗೋಡೆಗೆ ಅಂಟಿಸಿಕೊಳ್ಳಿ. ಮುಂದಿನದೆಲ್ಲ ಇವುಗಳಿಂದ ನಿಮ್ಮ ಉತ್ತರ ಎಷ್ಟು ಸರಿದಿದೆ, ಯಾವ ಕಡೆಗೆ ಸರಿದಿದೆ ಎಂಬುದರ ಮೇಲೆ ನಿಂತಿದೆ.

ಕಾಯುವ ಸಮಯ 4.31ಕ್ಕಿಂತ ಹೆಚ್ಚು ಬರುತ್ತಿದೆ

8.3 ಬಂದಿದ್ದರೆ ಗಾಬರಿ ಬೇಡ. ಅದು 4.31ಕ್ಕೆ ಸೇವೆಯ 4 ನಿಮಿಷ ಸೇರಿದ ಮೊತ್ತ. ಸಾಲಿನಲ್ಲಿ ಕಾದ ಸಮಯದ ಬದಲು ಒಳಗೆ ಕಳೆದ ಒಟ್ಟು ಸಮಯವನ್ನು ಅಳೆದಿದ್ದೀರಿ. ಸೇವೆ ಆರಂಭವಾದ ಕ್ಷಣದಲ್ಲಿ ಆಗಮನದ ಕ್ಷಣ ಕಳೆಯಿರಿ. ಮುಗಿದ ಕ್ಷಣದಲ್ಲಿ ಕಳೆಯಬೇಡಿ.

6.67 ಬಂದರೆ ಸರಾಸರಿಯ ಛೇದ ತಪ್ಪಾಗಿದೆ. 4.31 ಭಾಗಿಸು 0.647 ಮಾಡಿದರೆ ಸಿಗುವುದು ಅದೇ 6.67. ಕಾದವರನ್ನಷ್ಟೇ ಎಣಿಸಿ, ಬಂದ ಕೂಡಲೇ ಕೌಂಟರ್ ಸಿಕ್ಕವರನ್ನು ಬಿಟ್ಟಿದ್ದೀರಿ. ಸಾಲಿನಿಂದ ಒಬ್ಬರನ್ನು ಹೊರತೆಗೆಯುವ ಜಾಗದಲ್ಲಿ ಮಾತ್ರ ಕಾಯುವ ಸಮಯವನ್ನು ಪಟ್ಟಿಗೆ ಸೇರಿಸುವ ಪ್ರೋಗ್ರಾಂಗಳಲ್ಲಿ ಹೀಗಾಗುತ್ತದೆ. ನೇರವಾಗಿ ಕೌಂಟರ್‌ಗೆ ಹೋದವರು ಆ ಜಾಗವನ್ನು ಹಾಯುವುದೇ ಇಲ್ಲ. ಅವರ ಹೆಸರಿನಲ್ಲಿ ಸೊನ್ನೆಯನ್ನು ಸೇರಿಸಬೇಕು. ಕಾದವರ ಸರಾಸರಿಯೂ ಉಪಯುಕ್ತ ಮಾಹಿತಿಯೇ, ಆದರೆ ವರದಿಯಲ್ಲಿ ಹಾಗೆಂದು ಸ್ಪಷ್ಟವಾಗಿ ಬರೆಯಿರಿ.

5.33 ಬಂದರೆ ಮೂರು ಕೌಂಟರ್‌ಗಳನ್ನು ಮೂರು ಪಟ್ಟು ವೇಗದ ಒಂದೇ ಕೌಂಟರ್ ಎಂದು ಬರೆದಿದ್ದೀರಿ. 4 ನಿಮಿಷವನ್ನು ಮೂರರಿಂದ ಭಾಗಿಸಿ 80 ಸೆಕೆಂಡ್ ಮಾಡಿದರೆ ಬಳಕೆ 0.8 ಆಗಿಯೇ ಇರುತ್ತದೆ, ಅದಕ್ಕೇ ಇದು ಕಣ್ಣು ತಪ್ಪಿಸುತ್ತದೆ. ಈ ಮಾದರಿಯಲ್ಲಿ ಒಳಗೆ ಕಳೆದ ಒಟ್ಟು ಸಮಯ 6.67 ನಿಮಿಷ. ಹಾಗಾಗಿ 6.67 ಕಂಡಾಗ, ನೀವು ಅಳೆದದ್ದು ಕಾದ ಸಮಯವನ್ನೋ ಒಟ್ಟು ಸಮಯವನ್ನೋ ಎಂದು ಮೊದಲು ಖಚಿತಪಡಿಸಿಕೊಳ್ಳಿ.

ಇನ್ನು 16 ನಿಮಿಷ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ದೋಷ ಇದು. ಬಳಕೆ ಸರಿಯಾಗಿ 0.8, ಕಾಯುವಿಕೆ ಮಾತ್ರ 16ರ ಸುತ್ತ. ಕಾರಣ, ಗ್ರಾಹಕ ಬಂದ ಕ್ಷಣದಲ್ಲೇ ಅವನಿಗೆ ಯಾವುದೋ ಒಂದು ಕೌಂಟರನ್ನು ಯಾದೃಚ್ಛಿಕವಾಗಿ ಅಂಟಿಸಿದ್ದೀರಿ. ಆಗ ನಿಮ್ಮ ಬಳಿ ಇರುವುದು ಒಂದು ಸಾಲು ಮೂರು ಕೌಂಟರ್ ಅಲ್ಲ, ಒಂದಕ್ಕೊಂದು ಸಂಬಂಧವಿಲ್ಲದ ಮೂರು ಸಾಲುಗಳು. ಪ್ರತಿ ಸಾಲಿಗೂ ಗಂಟೆಗೆ 12 ಜನ ಬರುತ್ತಾರೆ, 15 ಜನರ ಕೆಲಸ ಮುಗಿಸುವ ಶಕ್ತಿಯಿದೆ, ಕಾಯುವಿಕೆ ಸರಿಯಾಗಿ 16 ನಿಮಿಷ. ಎರಡನೆಯ ಕೌಂಟರಿನ ಗುಮಾಸ್ತರು ಕೈಕಟ್ಟಿ ಕುಳಿತಿದ್ದರೂ ಒಂದನೆಯ ಕೌಂಟರಿನ ಮುಂದೆ ಐದು ಜನ ನಿಂತೇ ಇರುತ್ತಾರೆ. ಯಾದೃಚ್ಛಿಕವಾಗಿ ಹಂಚುವ ಬದಲು ಒಂದು, ಎರಡು, ಮೂರು, ಮತ್ತೆ ಒಂದು ಎಂದು ಸರದಿಯಂತೆ ಹಂಚಿದ್ದರೆ ಉತ್ತರ 9.8ರ ಸುತ್ತ ಬರುತ್ತದೆ. ಆಗಮನ ಸ್ವಲ್ಪ ಸಮನಾಗುವುದರಿಂದ 16ಕ್ಕಿಂತ ಕಡಿಮೆ, ಆದರೂ ಒಂದೇ ಸಾಲಿನ ಎರಡು ಪಟ್ಟಿಗಿಂತ ಹೆಚ್ಚು.

ಪರಿಹಾರ ಸರಳ. ಕೌಂಟರ್ ಯಾವುದೆಂದು ಆಗಮನದ ಹೊತ್ತಿನಲ್ಲಿ ತೀರ್ಮಾನಿಸಬೇಡಿ, ಕೌಂಟರ್ ಖಾಲಿಯಾದ ಹೊತ್ತಿನಲ್ಲಿ ತೀರ್ಮಾನಿಸಿ. ಪಟ್ಟಿಯ ರೂಪದಲ್ಲಿ ಬರೆಯುವವರಿಗೆ ಇದು ಒಂದೇ ವಾಕ್ಯದ ನಿಯಮ: ಸೇವೆ ಶುರುವಾಗುವ ಕ್ಷಣವೆಂದರೆ ಗ್ರಾಹಕ ಬಂದ ಕ್ಷಣ ಮತ್ತು ಮೂರು ಕೌಂಟರ್‌ಗಳಲ್ಲಿ ಎಲ್ಲಕ್ಕಿಂತ ಮೊದಲು ಖಾಲಿಯಾಗುವ ಕ್ಷಣ, ಇವೆರಡರಲ್ಲಿ ದೊಡ್ಡದು. 1955ರಲ್ಲಿ ಕೀಫರ್ ಮತ್ತು ವೂಲ್ಫೋವಿಟ್ಜ್ ಹಲವು ಕೌಂಟರ್‌ಗಳ ಸಾಲನ್ನು ಅಧ್ಯಯನ ಮಾಡಿದ್ದೂ ಇದೇ ನಿಯಮದ ಮೇಲೆ. ಮತ್ತೊಂದು ಮಾತು: ನಿಮ್ಮ ಊರಿನ ಕಚೇರಿಯಲ್ಲಿ ನಿಜವಾಗಿಯೂ ಮೂರು ಬೇರೆ ಸಾಲುಗಳಿದ್ದರೆ ಅದನ್ನು ಹಾಗೆಯೇ ಬರೆಯಿರಿ. ಜನ ಚಿಕ್ಕ ಸಾಲನ್ನು ನೋಡಿ ಸೇರಿಕೊಳ್ಳುತ್ತಾರೆ ಎಂಬುದನ್ನು ಮರೆಯಬೇಡಿ. 4.31 ಮತ್ತು 16ರ ನಡುವಿನ ಅಂತರ ಒಬ್ಬ ಗುಮಾಸ್ತರನ್ನೂ ಹೆಚ್ಚಿಸದೆ, ಕೇವಲ ಟೋಕನ್ ಪದ್ಧತಿಯಿಂದ ಹೆಚ್ಚೆಂದರೆ ಎಷ್ಟು ಉಳಿಸಬಹುದು ಎಂಬುದನ್ನು ತೋರಿಸುತ್ತದೆ. ಈ ಒಂದು ಹೋಲಿಕೆಗಾದರೂ ಸಿಮ್ಯುಲೇಷನ್ ಬರೆಯಬೇಕು.

ಬಳಕೆಯ ಸಂಖ್ಯೆ ಹೊಂದುತ್ತಿಲ್ಲ

2.4 ಬಂದರೆ ಕೌಂಟರ್‌ಗಳ ಸಂಖ್ಯೆಯಿಂದ ಭಾಗಿಸುವುದು ಬಿಟ್ಟುಹೋಗಿದೆ, ಅಷ್ಟೇ.

0.14 ಬಂದರೆ ಸರಾಸರಿ ಮತ್ತು ದರ ಅದಲುಬದಲಾಗಿವೆ. ಪೈಥಾನ್ ಭಾಷೆಯ ಸ್ವಂತ ರ‍್ಯಾಂಡಮ್ ಗ್ರಂಥಾಲಯದ ಎಕ್ಸ್‌ಪೋವೇರಿಯೇಟ್ ದರವನ್ನು ಕೇಳುತ್ತದೆ. ನಂಪೈ ಗ್ರಂಥಾಲಯದ ಎಕ್ಸ್‌ಪೊನೆನ್ಷಿಯಲ್ ಸರಾಸರಿಯನ್ನು ಕೇಳುತ್ತದೆ. ಮೊದಲನೆಯದಕ್ಕೆ 100 ಮತ್ತು 240 ಎಂದು ಕೊಟ್ಟರೆ ಅಂತರ ಒಂದರ ನೂರನೆಯ ಭಾಗ, ಸೇವೆ ಒಂದರ ಇನ್ನೂರ ನಲವತ್ತನೆಯ ಭಾಗ ಆಗಿಬಿಡುತ್ತದೆ. ಹೊರೆ ತಲೆಕೆಳಗಾಗಿ 2.4ರ ಬದಲು 0.417, ಬಳಕೆ 0.139. ಒಂದರಲ್ಲಿ ಮಾತ್ರ ತಪ್ಪಿದ್ದರೆ ಬಳಕೆ ಸೊನ್ನೆಗೆ ಇಳಿಯುತ್ತದೆ ಅಥವಾ ಸಾಲು ಮುಗಿಲು ಮುಟ್ಟುತ್ತದೆ, ಅದು ತಾನಾಗಿ ಕಾಣುತ್ತದೆ. ಏನೇ ಆಗಲಿ, ಸಾಲಿನ ತರ್ಕಕ್ಕೆ ಕೈ ಹಾಕುವ ಮುನ್ನ ಹತ್ತು ಸಾವಿರ ಅಂತರಗಳನ್ನು ಉತ್ಪಾದಿಸಿ ಸರಾಸರಿ 100ರ ಹತ್ತಿರವಿದೆಯೇ ಎಂದು ನೋಡಿ. ಘಾತೀಯ ವಿತರಣೆಯಲ್ಲಿ ಮಾನಕ ವಿಚಲನೆಯೂ ಸರಾಸರಿಯಷ್ಟೇ ಇರಬೇಕು.

0.96 ಬಂದರೆ ನಿಮಿಷಗಳ ಭಿನ್ನಭಾಗ ಕತ್ತರಿಸಿಹೋಗಿದೆ. ಎಕ್ಸೆಲ್‌ನಲ್ಲಿ ಪಟ್ಟಿ ಓದಲು ಚೆನ್ನಾಗಿರಲೆಂದು ನಿಮಿಷಗಳನ್ನು ಪೂರ್ಣಾಂಕ ಮಾಡುವ ಅಭ್ಯಾಸದಿಂದ ಬರುವ ತಪ್ಪಿದು. ಸೇವೆಯ 4 ನಿಮಿಷದ ಸರಾಸರಿ 3.52ಕ್ಕೆ ಇಳಿಯುತ್ತದೆ. ಆದರೆ ಅಂತರದ 1.67 ನಿಮಿಷ ಸೀದಾ 1.22ಕ್ಕೆ ಬೀಳುತ್ತದೆ, ಚಿಕ್ಕ ಸಂಖ್ಯೆಗೆ ಕತ್ತರಿಯ ಪೆಟ್ಟು ಹೆಚ್ಚು. ಎರಡೂ ಸೇರಿ ಬಳಕೆ 0.8ರಿಂದ 0.965ಕ್ಕೆ ಏರುತ್ತದೆ, ಅಷ್ಟು ಹೊರೆಯಲ್ಲಿ ಸಾಲು ಹುಚ್ಚುಹುಚ್ಚಾಗಿ ಬೆಳೆಯುತ್ತದೆ. ಸೇವೆಯನ್ನು ಮಾತ್ರ ಕತ್ತರಿಸಿದ್ದರೆ 0.70 ಬರುತ್ತದೆ. ಲೆಕ್ಕವನ್ನು ಸೆಕೆಂಡ್‌ನಲ್ಲಿ ಭಿನ್ನಾಂಕ ಸಹಿತ ಇಡಿ, ಕೋಶದಲ್ಲಿ ಕಾಣುವ ರೂಪವನ್ನು ಬೇಕಾದರೆ ಬದಲಿಸಿಕೊಳ್ಳಿ.

1 ದಾಟಿದರೆ ಅದು ಅಸಾಧ್ಯ. ಸೇವೆ ಶುರುವಾದ ಕೂಡಲೇ ಪೂರ್ತಿ ಸೇವಾ ಸಮಯವನ್ನು ಕೂಡಿಸಿ, ಕೊನೆಯಲ್ಲಿ ಓಟದ ಅವಧಿಯಿಂದ ಭಾಗಿಸಿದ್ದೀರಿ. ಓಟ ಮುಗಿದ ಮೇಲೂ ನಡೆಯುತ್ತಿದ್ದ ಸೇವೆ ಲೆಕ್ಕಕ್ಕೆ ಸೇರಿದೆ. ಉದ್ದ ಓಟದಲ್ಲಿ ಇದರ ಪರಿಣಾಮ ಕಾಣದು, ಒಂದು ದಿನದ ಓಟದಲ್ಲಿ ಕಾಣುತ್ತದೆ.

ಎಕ್ಸೆಲ್‌ನಲ್ಲೇ ಇನ್ನೊಂದು ತೊಡಕಿದೆ. ಪ್ರತಿ ಕೌಂಟರಿಗೂ ಒಂದು ಕಾಲಂ ಇಟ್ಟು, "ಈ ಕೌಂಟರ್ ಖಾಲಿಯಾಗುವ ಸಮಯ ಮೂರರಲ್ಲಿ ಕನಿಷ್ಠವಾಗಿದ್ದರೆ ಗ್ರಾಹಕ ಇಲ್ಲಿಗೆ" ಎಂದು ಸೂತ್ರ ಬರೆಯುತ್ತಾರೆ. ಮೊದಲ ಸಾಲಿನಲ್ಲಿ ಮೂರೂ ಸೊನ್ನೆ, ಮೂರೂ ಕನಿಷ್ಠ. ಹಾಗಾಗಿ ಮೊದಲ ಗ್ರಾಹಕನೊಬ್ಬನೇ ಮೂರೂ ಕೌಂಟರ್‌ಗಳನ್ನು ಹಿಡಿದು ಕೂರುತ್ತಾನೆ. ಮೂವರ ಮುಕ್ತಾಯ ಸಮಯವೂ ಒಂದೇ ಆಗುವುದರಿಂದ ಎರಡನೆಯವನೂ ಹಾಗೆಯೇ, ಮೂರನೆಯವನೂ ಹಾಗೆಯೇ, ಕೊನೆಯವರೆಗೂ. ಮೂರು ಕೌಂಟರ್‌ಗಳು ಒಂದೇ ಕೌಂಟರಿನಂತೆ ನಡೆದುಕೊಳ್ಳುತ್ತವೆ. ಮೂರೂ ಕಾಲಂಗಳ ಸೇವೆಗಳನ್ನು ಎಣಿಸಿ ಕೂಡಿಸಿದರೆ ಗ್ರಾಹಕರ ಸಂಖ್ಯೆಗಿಂತ ಹೆಚ್ಚು ಬರುವುದೇ ಇದರ ಗುರುತು. ಕನಿಷ್ಠ ಬೆಲೆಯ ಮೊದಲ ಸ್ಥಾನವನ್ನು ಹುಡುಕುವ ಮ್ಯಾಚ್ ಸೂತ್ರವನ್ನು ಬಳಸಿದರೆ ಒಂದೇ ಕೌಂಟರ್ ಆಯ್ಕೆಯಾಗುತ್ತದೆ. ಜೊತೆಗೆ, ಎಕ್ಸೆಲ್‌ನ ರ‍್ಯಾಂಡ್ ಅಪರೂಪಕ್ಕೆ ಸೊನ್ನೆಯನ್ನೂ ಕೊಡಬಲ್ಲದು, ಸೊನ್ನೆಗೆ ಲಾಗರಿದಂ ಇಲ್ಲ. 1ರಲ್ಲಿ ಅದನ್ನು ಕಳೆದು ಬಳಸಿ. ಹಾಳೆಯಲ್ಲಿ ಏನನ್ನು ಬದಲಿಸಿದರೂ ಎಲ್ಲ ಯಾದೃಚ್ಛಿಕ ಸಂಖ್ಯೆಗಳು ಹೊಸದಾಗುತ್ತವೆ, ಆದ್ದರಿಂದ ದೋಷ ಹುಡುಕುವ ಮುನ್ನ ಅವನ್ನು ಬೆಲೆಗಳಾಗಿ ಅಂಟಿಸಿ ಗಟ್ಟಿಮಾಡಿಕೊಳ್ಳಿ.

ಒಂದನೆಯ ಕೌಂಟರ್ ಹೆಚ್ಚು ದುಡಿದಿದೆ, ಮೂರನೆಯದು ಕಡಿಮೆ ಎಂದು ತಲೆಕೆಡಿಸಿಕೊಳ್ಳುವವರು ಬಹಳ. ಇದು ದೋಷವಲ್ಲ. ಎರಡು ಕೌಂಟರ್ ಖಾಲಿಯಿದ್ದಾಗ ಯಾವಾಗಲೂ ಚಿಕ್ಕ ಸಂಖ್ಯೆಯದಕ್ಕೆ ಕಳಿಸುತ್ತಿದ್ದೀರಿ. ಮೂರರ ಬಳಕೆಗಳ ಮೊತ್ತ 2.4 ಇದ್ದರೆ, ಮೂವರ ವೇಗವೂ ಒಂದೇ ಆಗಿದ್ದರೆ, ಕಾಯುವ ಸಮಯಕ್ಕೆ ಇದರಿಂದ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆದರೆ ಗುಮಾಸ್ತರ ಕೆಲಸದ ಹಂಚಿಕೆಯನ್ನೇ ಅಧ್ಯಯನ ಮಾಡುತ್ತಿದ್ದರೆ, ಹೆಚ್ಚು ಹೊತ್ತಿನಿಂದ ಖಾಲಿ ಇರುವವರಿಗೆ ಕಳಿಸಿ.

ಸಾಲಿನ ಉದ್ದ 2.9

ಕಾಯುವ ಸಮಯ ಸರಿಯಾಗಿ 4.31, ಸಾಲಿನ ಉದ್ದ ಮಾತ್ರ 2.59ರ ಬದಲು 2.91. ಇಂಥ ಸಣ್ಣ ವ್ಯತ್ಯಾಸವನ್ನು ಯಾದೃಚ್ಛಿಕತೆಯ ತಲೆಗೆ ಕಟ್ಟಿ ಸುಮ್ಮನಾಗುವುದು ಸುಲಭ. ಹಾಗೆ ಮಾಡಬೇಡಿ. ಪ್ರತಿ ಘಟನೆಯಾದ ಕೂಡಲೇ ಸಾಲಿನ ಉದ್ದವನ್ನು ಪಟ್ಟಿಗೆ ಬರೆದು, ಪಟ್ಟಿಯ ಸಾಧಾರಣ ಸರಾಸರಿ ತೆಗೆದಿದ್ದೀರಿ. ಅರ್ಧದಷ್ಟು ಘಟನೆಗಳು ಆಗಮನಗಳು. ಬಂದವರು ಕಾಯಬೇಕಾದಾಗಲೆಲ್ಲ ಅವರನ್ನೂ ಸಾಲಿನಲ್ಲಿ ಎಣಿಸಿದಂತಾಗುತ್ತದೆ. 0.647ರ ಅರ್ಧ 0.32 ಹೆಚ್ಚುವರಿಯಾಗಿ ಸೇರಿದ್ದು ಹೀಗೆ. ಪ್ರತಿ ಉದ್ದವೂ ಎಷ್ಟು ಸೆಕೆಂಡ್ ಉಳಿಯಿತೋ ಅದಕ್ಕೆ ಗುಣಿಸಿ, ಎಲ್ಲವನ್ನೂ ಕೂಡಿಸಿ, ಒಟ್ಟು ಅವಧಿಯಿಂದ ಭಾಗಿಸಬೇಕು.

ಇಲ್ಲಿ ನಮ್ಮ ಕೈ ಹಿಡಿಯುವುದು ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ನಿಯಮ: ಸಾಲಿನ ಸರಾಸರಿ ಉದ್ದವೆಂದರೆ ಆಗಮನದ ದರ ಗುಣಿಸು ಸರಾಸರಿ ಕಾಯುವ ಸಮಯ. ಇದು ಸೇವೆಯ ವಿತರಣೆಯನ್ನು ಕೇಳುವುದಿಲ್ಲ, ಕೌಂಟರ್ ಎಷ್ಟೆಂದೂ ಕೇಳುವುದಿಲ್ಲ. ಅದೇ ಓಟದಲ್ಲಿ ಅಳೆದ ದರ, ಅಳೆದ ಕಾಯುವಿಕೆ, ಅಳೆದ ಉದ್ದ ಇವನ್ನೇ ಹೋಲಿಸಿದರೆ ಯಾದೃಚ್ಛಿಕತೆಯ ನೆಪವೂ ಇರುವುದಿಲ್ಲ. ಉದ್ದ ಓಟದಲ್ಲಿ ಎರಡೂ ಬದಿ ಹೆಚ್ಚುಕಡಿಮೆ ಒಂದೇ ಆಗಲೇಬೇಕು. ಆಗದಿದ್ದರೆ ಅಳತೆಯಲ್ಲೇ ದೋಷವಿದೆ. ನಿಜವಾದ ಅಂಕಿಗಳಿಗೆ ಮರಳಿದ ಮೇಲೆ ಎರ್ಲಾಂಗ್ ಸೂತ್ರ ಅನ್ವಯವಾಗದಿದ್ದರೂ ಈ ಪರೀಕ್ಷೆ ಉಳಿಯುತ್ತದೆ, ಆದ್ದರಿಂದ ಪ್ರೋಗ್ರಾಂನ ಕೊನೆಯಲ್ಲಿ ಶಾಶ್ವತವಾಗಿ ಬರೆದಿಡಿ.

ಯಾರೂ ಕಾಯುತ್ತಿಲ್ಲ, ಅಥವಾ ತೀರಾ ಕಡಿಮೆ ಕಾಯುತ್ತಿದ್ದಾರೆ

ಪೈಥಾನ್‌ನ ಸಿಮ್ಯುಲೇಷನ್ ಗ್ರಂಥಾಲಯವಾದ ಸಿಮ್‌ಪೈ ಬಳಸುವವರಿಗೆ ಕಾಯುವ ಸಮಯ ಪೂರ್ತಿ ಸೊನ್ನೆ ಬಂದರೆ ಎರಡು ಜಾಗ ನೋಡಿ. ಕೌಂಟರ್ ಬೇಕೆಂದು ಕೋರಿಕೆ ಸಲ್ಲಿಸಿ, ಅದು ಸಿಗುವವರೆಗೆ ನಿಲ್ಲಿಸುವ ಯೀಲ್ಡ್ ಬರೆಯದೆ ಮುಂದೆ ಹೋಗಿರಬಹುದು. ಅಥವಾ ಸೇವಾ ಸಮಯದ ಸಾಲು ವಿತ್ ಬ್ಲಾಕಿನ ಹೊರಗೆ ಬಿದ್ದು, ಕೌಂಟರ್ ಸಿಕ್ಕ ಕ್ಷಣವೇ ಬಿಟ್ಟುಕೊಟ್ಟಂತಾಗಿರಬಹುದು; ಪ್ರೋಗ್ರಾಂ ಸಾಲಿನ ಆರಂಭದ ಖಾಲಿ ಜಾಗ ಒಂದು ಹೆಜ್ಜೆ ತಪ್ಪಿದರೆ ಸಾಕು. ಎರಡನ್ನೂ ಹಿಡಿಯಲು, ಸೇವೆಯಲ್ಲಿರುವವರನ್ನು ಎಣಿಸುವ ಸ್ವಂತ ಎಣಿಕೆಯೊಂದನ್ನು ಇಟ್ಟುಕೊಳ್ಳಿ: ಸೇವೆ ಶುರುವಾದಾಗ ಒಂದು ಕೂಡಿಸಿ, ಮುಗಿದಾಗ ಒಂದು ಕಳೆಯಿರಿ. ಅದು 3 ದಾಟಿದ ಕ್ಷಣ ಪ್ರೋಗ್ರಾಂ ನಿಲ್ಲಲಿ. ಇದಕ್ಕೆ ವಿರುದ್ಧವಾಗಿ, ಸೇವೆ ಮುಗಿಸಿದವರು ಮೂವರೇ ಆಗಿ ಉಳಿದವರೆಲ್ಲ ಕೊನೆಯವರೆಗೆ ನಿಂತಿದ್ದರೆ ಕೌಂಟರನ್ನು ಬಿಟ್ಟುಕೊಡುವ ಆದೇಶವೇ ಇಲ್ಲ.

ಉತ್ತರ 2.2ರ ಸುತ್ತ ಬಂದರೆ ಸೇವಾ ಸಮಯ ಪ್ರತಿಯೊಬ್ಬರಿಗೂ ಸರಿಯಾಗಿ 4 ನಿಮಿಷವಾಗಿದೆ. ಏರಿಳಿತ ಹೋದರೆ ಸಾಲಿನ ಅರ್ಧ ಕರಗುತ್ತದೆ. ಗ್ರಾಹಕರು ಒಳಬರುವ ಮುನ್ನವೇ ಒಮ್ಮೆ ಮಾತ್ರ ಯಾದೃಚ್ಛಿಕ ಸಂಖ್ಯೆ ತೆಗೆದು ಅದನ್ನೇ ಎಲ್ಲರಿಗೂ ಬಳಸಿದರೂ ಸೇವೆ ಸ್ಥಿರವಾಗುತ್ತದೆ, ಆಗ ಓಟದಿಂದ ಓಟಕ್ಕೆ ಉತ್ತರ ಜಿಗಿದಾಡುತ್ತದೆ.

ಆಗಮನಕ್ಕೂ ಸೇವೆಗೂ ಒಂದೇ ಸೀಡ್ (ಯಾದೃಚ್ಛಿಕ ಸಂಖ್ಯೆಗಳ ಸರಣಿ ಎಲ್ಲಿಂದ ಶುರುವಾಗಬೇಕೆಂದು ಹೇಳುವ ಸಂಖ್ಯೆ) ಕೊಟ್ಟು ಎರಡು ಬೇರೆ ಉತ್ಪಾದಕಗಳನ್ನು ಮಾಡಿದರೆ ಎರಡರಿಂದಲೂ ಅದೇ ಸಂಖ್ಯಾಸರಣಿ ಬರುತ್ತದೆ. ಪ್ರತಿ ಸೇವಾ ಸಮಯವೂ ಒಂದು ಅಂತರದ 2.4 ಪಟ್ಟು ಆಗುತ್ತದೆ, ದೊಡ್ಡ ಸೇವೆಗಳು ದೊಡ್ಡ ಬಿಡುವುಗಳ ಜೊತೆಯಲ್ಲೇ ಬರುತ್ತವೆ, ಸಾಲು ಕುಗ್ಗುತ್ತದೆ. ಸರಾಸರಿ, ವಿಚಲನೆ, ಬಳಕೆ ಎಲ್ಲವೂ ಸರಿಯಾಗಿಯೇ ಕಾಣುವುದರಿಂದ ಇದನ್ನು ಹಿಡಿಯುವುದು ಕಷ್ಟ. ಅಂತರ ಮತ್ತು ಸೇವೆಯ ನಡುವಿನ ಸಹಸಂಬಂಧವನ್ನು ಲೆಕ್ಕ ಹಾಕಿ ನೋಡಿ, ಅದು ಸೊನ್ನೆಯ ಆಸುಪಾಸಿನಲ್ಲಿರಬೇಕು.

ಎಲ್ಲಕ್ಕೂ ಮೊದಲು ತಲೆ ಎಣಿಕೆ ಮಾಡಿ. ಬಂದವರು = ಸೇವೆ ಮುಗಿಸಿದವರು + ಕೌಂಟರಿನಲ್ಲಿರುವವರು + ಸಾಲಿನಲ್ಲಿರುವವರು. ಹೊರೆ ಹೆಚ್ಚಿದ್ದಾಗ ಓಟದ ಕೊನೆಯಲ್ಲಿ ಸಾಲಿನಲ್ಲಿ ಉಳಿದವರೇ ಹೆಚ್ಚು ಕಾದವರು. ಮುಗಿಸಿ ಹೋದವರ ಸರಾಸರಿಯನ್ನಷ್ಟೇ ತೆಗೆದರೆ ಅವರ ಕಷ್ಟ ವರದಿಯಿಂದಲೇ ಅಳಿಸಿಹೋಗುತ್ತದೆ.

ಪ್ರತಿ ಓಟಕ್ಕೂ ಬೇರೆ ಉತ್ತರ

ಶೇ 80 ಬಳಕೆಯಲ್ಲಿ ಒಂದು ದೊಡ್ಡ ಸಾಲು ಕಟ್ಟಿದರೆ ಕರಗಲು ಬಹಳ ಹೊತ್ತು ಬೇಕು, ಹಾಗಾಗಿ ಅಕ್ಕಪಕ್ಕದ ಗ್ರಾಹಕರ ಕಾಯುವಿಕೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಎಂಟು ಗಂಟೆಯ ಒಂದು ಓಟದಲ್ಲಿ ಬರುವವರು ಸುಮಾರು 288 ಜನ. ಅಷ್ಟರಲ್ಲಿ ಒಮ್ಮೆ 2 ನಿಮಿಷ, ಇನ್ನೊಮ್ಮೆ 8 ನಿಮಿಷ ಬಂದರೆ ಪ್ರೋಗ್ರಾಂನಲ್ಲಿ ತಪ್ಪಿದೆ ಎಂದರ್ಥವಲ್ಲ. ಒಂದು ಲಕ್ಷ ಗ್ರಾಹಕರ ಓಟದಲ್ಲೂ 4.1 ಅಥವಾ 4.5 ಬರುವುದು ಸಹಜ. ಅಂಥ 20 ಓಟಗಳನ್ನು ಬೇರೆ ಬೇರೆ ಸೀಡ್‌ಗಳೊಂದಿಗೆ ನಡೆಸಿ, ಓಟಗಳ ಸರಾಸರಿಗಳನ್ನು ಸ್ವತಂತ್ರ ಅಳತೆಗಳೆಂದು ತೆಗೆದುಕೊಂಡು ವಿಶ್ವಾಸಾಂತರ (ನಿಜವಾದ ಸರಾಸರಿ ಎಲ್ಲಿಂದ ಎಲ್ಲಿಯವರೆಗೆ ಇರಬಹುದೆಂಬ ವ್ಯಾಪ್ತಿ) ಹಾಕಿ. ಒಂದೇ ಓಟದ ಲಕ್ಷ ಗ್ರಾಹಕರನ್ನು ಸ್ವತಂತ್ರರೆಂದು ಬಗೆದು ಹಾಕಿದ ವಿಶ್ವಾಸಾಂತರ ತೀರಾ ಕಿರಿದಾಗಿರುತ್ತದೆ, ನಂಬಬೇಡಿ.

ಓಟದ ಉದ್ದವನ್ನು ಎರಡು ಪಟ್ಟು ಮಾಡಿದಾಗಲೆಲ್ಲ ಕಾಯುವ ಸಮಯವೂ ಹೆಚ್ಚುಕಡಿಮೆ ಎರಡು ಪಟ್ಟಾದರೆ ಕಾರಣ ಬೇರೆ: ಹೊರೆ ಕೌಂಟರ್‌ಗಳ ಶಕ್ತಿಯನ್ನು ಮೀರಿದೆ. ಅಲ್ಲಿ ದೀರ್ಘಕಾಲದ ಸರಾಸರಿ ಎಂಬುದೇ ಇಲ್ಲ, ಎಷ್ಟು ಓಡಿಸಿದರೂ ಸಿಗುವುದಿಲ್ಲ.

ನಿಜವಾದ ಅಂಕಿಗಳಿಗೆ ಮರಳುವಾಗ

ನಾಲ್ಕು ಸಂಖ್ಯೆಗಳೂ ಹೊಂದಿದ ಮೇಲೆ ಒಂದೊಂದನ್ನೇ ಬದಲಿಸಿ: ಮೊದಲು ಅಳೆದ ಸೇವಾ ಸಮಯ, ಆಮೇಲೆ ಗಂಟೆಗೊಂದು ಆಗಮನ ದರ, ಆಮೇಲೆ ಊಟದ ಬಿಡುವು. ಒಟ್ಟಿಗೆ ಎಲ್ಲವನ್ನೂ ಬದಲಿಸಿದರೆ ಉತ್ತರ ಯಾಕೆ ಸರಿಯಿತೆಂದು ಹೇಳಲಾಗದು.

ಖಾಲಿ ಸಾಲಿನಿಂದ ಶುರುವಾಗುವ ಆರಂಭದ ಭಾಗವನ್ನು ಲೆಕ್ಕದಿಂದ ತೆಗೆಯಬೇಕೆಂದು ಪಠ್ಯಪುಸ್ತಕಗಳು ಹೇಳುತ್ತವೆ. ಮೇಲಿನ ಪರೀಕ್ಷೆಯ ಓಟಕ್ಕೆ ಅದು ಸರಿ. ದಿನವಿಡೀ ತೆರೆದಿರುವ ಆಸ್ಪತ್ರೆಯ ತುರ್ತು ವಿಭಾಗಕ್ಕೂ ಸರಿ. ಆದರೆ ಬೆಳಿಗ್ಗೆ ಬಾಗಿಲು ತೆರೆದು ಸಂಜೆ ಮುಚ್ಚುವ ಕೌಂಟರಿಗೆ ಬೆಳಗಿನ ಆರಂಭವೂ ದಿನದ ಭಾಗವೇ, ಅದನ್ನು ಕತ್ತರಿಸಬಾರದು. ಅಲ್ಲಿ ನಿಜವಾದ ಆರಂಭ ಖಾಲಿಯೂ ಅಲ್ಲ. ಬಾಗಿಲು ತೆರೆಯುವ ಮುನ್ನವೇ ಬಂದು ನಿಂತವರನ್ನು ಎಣಿಸಿ, ಅಷ್ಟು ಜನರನ್ನು ಸಾಲಿನಲ್ಲಿಟ್ಟೇ ಗಡಿಯಾರವನ್ನು ಶುರುಮಾಡಿ, ಅವರು ಬಾಗಿಲಾಚೆ ಕಾದ ಹೊತ್ತನ್ನೂ ಅವರವರ ಲೆಕ್ಕಕ್ಕೆ ಸೇರಿಸಿ. ಸಂಜೆ ಮುಚ್ಚುವ ಹೊತ್ತಿಗೆ ಆಗಮನವನ್ನು ಮಾತ್ರ ನಿಲ್ಲಿಸಿ, ಒಳಗಿರುವ ಕೊನೆಯವರ ಕೆಲಸ ಮುಗಿಯುವವರೆಗೆ ಓಟ ನಡೆಯಲಿ. ಆಗ ಕಾಯುವ ಸಮಯದ ಜೊತೆಗೆ ಗುಮಾಸ್ತರು ಎಷ್ಟು ಹೊತ್ತಿಗೆ ಮನೆಗೆ ಹೊರಡುತ್ತಾರೆ ಎಂಬ ಇನ್ನೊಂದು ಉತ್ತರವೂ ಸಿಗುತ್ತದೆ. ಅದನ್ನೂ ವರದಿಯಲ್ಲಿ ಕೊಡಿ.